ಓದುಗರ ಪ್ರಶ್ನೆ: ಗ್ಯಾಲರಿಗೆ ಆ್ಯಪ್ ಮಾಡಿದರೆ ಜನ ಚಿತ್ರ ಬಿಟ್ಟು ಫೋನನ್ನೇ ನೋಡುವುದಿಲ್ಲವೇ?

ಪ್ರಶ್ನೆ: ನಮ್ಮ ಕಲಾ ಗ್ಯಾಲರಿಗೆ ಬರುವವರಿಗಾಗಿ ಒಂದು ಮಾರ್ಗದರ್ಶಿ ಮೊಬೈಲ್ ಆ್ಯಪ್ ಮಾಡಿಸಬೇಕೆಂದಿದ್ದೇವೆ. ಆದರೆ ಜನ ಗೋಡೆಯ ಮೇಲಿನ ಚಿತ್ರವನ್ನು ಬಿಟ್ಟು ಕೈಯಲ್ಲಿರುವ ಪರದೆಯನ್ನೇ ನೋಡುತ್ತ ನಿಂತರೆ ಗತಿಯೇನು?

ಉತ್ತರ: ನಿಮ್ಮ ಅಂಜಿಕೆಗೆ ಕಾರಣವಿದೆ. ಎಷ್ಟೋ ಗ್ಯಾಲರಿ ಆ್ಯಪ್‌ಗಳನ್ನು ತೆರೆದರೆ ಕಾಣುವುದು ಕೃತಿಯ ಪುಟ್ಟ ಫೋಟೋ, ಅದರ ಕೆಳಗೆ ಉದ್ದನೆಯ ಬರಹ. ಮೂಲಕೃತಿ ನಾಲ್ಕು ಅಡಿ ದೂರದಲ್ಲೇ ಇದ್ದರೂ ಕಣ್ಣು ಅಂಗೈಯಲ್ಲಿರುವ ನಕಲಿನ ಮೇಲೆ ನಿಲ್ಲುತ್ತದೆ. ಇದಕ್ಕೆ ನೋಡುಗರನ್ನು ದೂರುವಂತಿಲ್ಲ. ಓದಲು ಕೊಟ್ಟರೆ ಯಾರಾದರೂ ಓದುತ್ತಾರೆ. ಹಾಗಾಗಿ ಆ್ಯಪ್ ಮಾತನಾಡಲಿ, ಕಣ್ಣು ಚಿತ್ರದ ಪಾಲಿಗೇ ಇರಲಿ.

ಈ ವಿಚಾರ ಮೊಬೈಲಿಗಿಂತ ಬಹಳ ಹಳೆಯದು. ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂ 1952ರಲ್ಲೇ ನೋಡುಗರ ಕೈಗೆ ಸಣ್ಣ ರೇಡಿಯೊ ಗ್ರಾಹಕಗಳನ್ನು ಕೊಟ್ಟು ವಿವರಣೆ ಕೇಳಿಸಿತ್ತು. ಪ್ರಸಾರ ಎಲ್ಲರಿಗೂ ಒಂದೇ ಆದ್ದರಿಂದ ಗುಂಪು ಒಟ್ಟಾಗಿಯೇ ಒಂದು ಚಿತ್ರದಿಂದ ಇನ್ನೊಂದಕ್ಕೆ ಸಾಗಬೇಕಿತ್ತು. ಇಂದು ಪ್ರತಿಯೊಬ್ಬರೂ ತಮಗೆ ಬೇಕಾದಲ್ಲಿ ನಿಲ್ಲಬಹುದು. ಆ ಅನುಕೂಲವನ್ನು ಉಳಿಸಿಕೊಂಡು, ಹೇಳುವುದನ್ನು ಹೇಗೆ ಹೇಳಬೇಕೆಂದು ಯೋಚಿಸೋಣ.

ಒಂದು ನಿಜವಾದ ಚಿತ್ರವನ್ನೇ ಇಟ್ಟುಕೊಳ್ಳುತ್ತೇನೆ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿರುವ, ದೀಪ ಹಿಡಿದು ನಿಂತ ಮಹಿಳೆಯ ಚಿತ್ರ ನಮ್ಮಲ್ಲಿ ಬಹುತೇಕರಿಗೆ ಗೊತ್ತು. ಇದರ ಬಗ್ಗೆ ಆಡಿಯೊ ಬರೆಯಲು ಕುಳಿತವರು ಸಾಮಾನ್ಯವಾಗಿ ಕಲಾವಿದರ ಹೆಸರು, ಜನ್ಮಸ್ಥಳ, ಪಡೆದ ಬಹುಮಾನ ಎಂದು ಶುರುಮಾಡುತ್ತಾರೆ. ಅಷ್ಟರಲ್ಲಿ ಕೇಳುಗರ ಕಣ್ಣು ಎಲ್ಲೆಲ್ಲೋ ಅಲೆದಿರುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: ‘ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನು ನೋಡಿ. ಅಂಚಿನಲ್ಲಿ ಚರ್ಮ ಕೆಂಪಾಗಿದೆ, ಬೆಳಕು ಬೆರಳನ್ನೇ ತೂರಿ ಬರುತ್ತಿದೆ. ಈಗ ಮೆಲ್ಲಗೆ ಮುಖದತ್ತ ಬನ್ನಿ.’ ಅಲ್ಲಿ ಹತ್ತು ಸೆಕೆಂಡು ಧ್ವನಿ ಸುಮ್ಮನಿರಬೇಕು. ಆ ಮೌನವನ್ನು ಧ್ವನಿಮುದ್ರಣದಲ್ಲೇ ಸೇರಿಸಿ, ಸಮಯ ಉಳಿಸಲೆಂದು ಕತ್ತರಿಸಬೇಡಿ.

ಮಾಹಿತಿ ಬರಬೇಕಾದದ್ದು ಆಮೇಲೆ. ಇದು ತೈಲವರ್ಣವಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕನ್ನು ಸಾಮಾನ್ಯವಾಗಿ ಮೇಲಿಂದ ಹಚ್ಚುವುದಿಲ್ಲ, ಕಾಗದದ ಬಿಳುಪನ್ನೇ ಉಳಿಸಿಕೊಂಡು ತರುತ್ತಾರೆ. ಇದನ್ನು ಕೇಳಿದವರು ಮತ್ತೆ ಬೆರಳುಗಳತ್ತ ನೋಡದೆ ಇರಲಾರರು. ಇದೇ ಗ್ಯಾಲರಿಯಲ್ಲಿ ರವಿವರ್ಮನ ಚಿತ್ರಗಳೂ ಇರುವುದರಿಂದ ಇದನ್ನೂ ಅವನದೇ ಎಂದುಕೊಂಡವರು ಅನೇಕರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಎಸ್.ಎಲ್. ಹಲ್ದಂಕರ್ ಇದನ್ನು ಬರೆದದ್ದು 1940ರ ದಶಕದಲ್ಲಿ. ಎರಡು ವಾಕ್ಯಗಳಲ್ಲಿ ಈ ಗೊಂದಲ ತೀರುತ್ತದೆ. ಒಂದು ಕೃತಿಗೆ ಒಂದೂವರೆ ನಿಮಿಷ ಸಾಕು. ಇನ್ನೂ ತಿಳಿಯಬೇಕೆನ್ನುವವರಿಗೆ ‘ಮುಂದೆ ಕೇಳಿ’ ಎಂಬ ಗುಂಡಿಯಿರಲಿ.

ಇದೇ ಚಿತ್ರ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಇದನ್ನು ಮಬ್ಬುಗತ್ತಲಿನಲ್ಲಿ ಇಟ್ಟು ತೋರಿಸುವುದು ವಾಡಿಕೆ. ಕಾಗದದ ಮೇಲಿನ ಕೃತಿಗಳು ಬೆಳಕಿಗೆ ಮಾಸುವುದರಿಂದ ಜಲವರ್ಣ, ರೇಖಾಚಿತ್ರ, ಬಟ್ಟೆ ಇವುಗಳಿಗೆ ಸುಮಾರು 50 ಲಕ್ಸ್‌ನಷ್ಟೇ (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ) ಬೆಳಕು ಬೀಳಬೇಕೆಂದು ಸಂರಕ್ಷಣಾ ತಜ್ಞರು ಹೇಳುತ್ತಾರೆ. ಅಂಥ ಕೋಣೆಯಲ್ಲಿ ಬಿಳಿ ಹಿನ್ನೆಲೆಯ ಆ್ಯಪ್ ತೆರೆದರೆ ಪಾಪೆ ಕಿರಿದಾಗುತ್ತದೆ. ತಲೆ ಎತ್ತಿದಾಗ ಚಿತ್ರ ಇನ್ನಷ್ಟು ಮಂಕಾಗಿ ಕಾಣುತ್ತದೆ, ಪಕ್ಕದವರ ಕಣ್ಣಿಗೂ ಆ ಬೆಳಕು ಚುಚ್ಚುತ್ತದೆ. ಆದ್ದರಿಂದ ಹಿನ್ನೆಲೆ ಕಪ್ಪಾಗಿರಲಿ, ಅಕ್ಷರ ಮಂದ ಬೂದು ಬಣ್ಣದಲ್ಲಿರಲಿ. ಆಡಿಯೊ ಶುರುವಾದೊಡನೆ ಪರದೆ ಆರಲಿ, ಆರಿದ ಮೇಲೂ ಧ್ವನಿ ನಿಲ್ಲದಿರಲಿ. ಅಂದದ ಬಣ್ಣಗಳಿಗೆ ಖರ್ಚುಮಾಡುವ ಶ್ರಮವನ್ನು ಇದಕ್ಕೆ ಕೊಟ್ಟರೆ ನೋಡುಗರಿಗೆ ನಿಜವಾದ ಉಪಕಾರ.

ಯಾರು ಯಾವ ಚಿತ್ರದ ಮುಂದಿದ್ದಾರೆಂದು ಆ್ಯಪ್‌ಗೆ ತಿಳಿಯುವುದು ಹೇಗೆ? ಕಟ್ಟಡದೊಳಗೆ ಜಿಪಿಎಸ್ ನಂಬುವಂತಿಲ್ಲ. ಚಿತ್ರದ ಬಳಿ ಇಟ್ಟು ಫೋನಿಗೆ ಸಂಕೇತ ಕಳಿಸುವ ಸಣ್ಣ ಸಾಧನಗಳಾದ ಬ್ಲೂಟೂತ್ ಬೀಕನ್‌ಗಳ ಸಂಕೇತವನ್ನು ಮನುಷ್ಯರ ದೇಹವೇ ಹೀರಿಕೊಳ್ಳುತ್ತದೆ. ಜನ ತುಂಬಿದ ಭಾನುವಾರ ಪಕ್ಕದ ಚಿತ್ರದ ಕಥೆ ಕೇಳಿಬಂದರೆ ಆಶ್ಚರ್ಯವಿಲ್ಲ, ಬ್ಯಾಟರಿ ಬದಲಿಸುವ ಕೆಲಸ ಬೇರೆ. ಕ್ಯುಆರ್ ಕೋಡ್ ಅಗ್ಗ. ಆದರೆ ಅದಕ್ಕಾಗಿ ಎಲ್ಲರೂ ಗೋಡೆಯ ಹತ್ತಿರ ಹೋಗಿ ಕ್ಯಾಮೆರಾ ತೆರೆಯಬೇಕು, ಹಿಂದಿನವರಿಗೆ ಅಡ್ಡ. ಸಣ್ಣ ಗ್ಯಾಲರಿಗೆ ನಾನು ಸೂಚಿಸುವುದು ದೂರದಿಂದಲೇ ಓದಬಲ್ಲ ಎರಡಂಕಿಯ ದಪ್ಪ ಸಂಖ್ಯೆ. ಚಿತ್ರದ ಪಕ್ಕದಲ್ಲಿರುವ ಅದನ್ನು ನೋಡಿ ಆ್ಯಪ್‌ನಲ್ಲಿ ಒತ್ತಿದರಾಯಿತು. ಅಜ್ಜಿಗೂ ಬರುತ್ತದೆ, ಶಾಲೆಯ ಮಗುವಿಗೂ ಬರುತ್ತದೆ.

ಫೋನ್ ಹಿಡಿದೂ ಚೆನ್ನಾಗಿ ನೋಡಬಹುದೆಂದು ತೋರಿಸಿದ ಪ್ರಯೋಗವೊಂದಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ 2015ರಲ್ಲಿ ‘ಆಸ್ಕ್’ ಎಂಬ ಆ್ಯಪ್ ತಂದಿತು. ನೋಡುಗರು ಪ್ರಶ್ನೆ ಬರೆದು ಕಳಿಸಿದರೆ ಮ್ಯೂಸಿಯಂನ ಕಲಾ ತಜ್ಞರು ಅಲ್ಲಿಂದಲೇ ಉತ್ತರಿಸುತ್ತಿದ್ದರು. ಒಳ್ಳೆಯ ಪ್ರಶ್ನೆ ಕೇಳಬೇಕೆಂದರೆ ಮೊದಲು ನೋಡಲೇಬೇಕು, ಅದೇ ಇದರ ಜಾಣತನ. ಇದಕ್ಕೆ ದಿನವಿಡೀ ಸಿಬ್ಬಂದಿ ಬೇಕು, ನಮ್ಮ ಹೆಚ್ಚಿನ ಗ್ಯಾಲರಿಗಳಿಗೆ ಅದು ಎಟಕದು. ವಾರದಲ್ಲಿ ಒಂದು ಮಧ್ಯಾಹ್ನ ಕಲಾಶಾಲೆಯ ವಿದ್ಯಾರ್ಥಿಗಳು ಉತ್ತರಿಸುವಂತೆ ಮಾಡುವುದು ಎಟಕುತ್ತದೆ.

ಉಳಿದವು ಬೇಗ ಹೇಳಿ ಮುಗಿಯುವಂಥವು. ದಪ್ಪ ಗೋಡೆಯ ಹಳೆಯ ಕಟ್ಟಡಗಳಲ್ಲಿ ನೆಟ್‌ವರ್ಕ್ ಸಿಗದು, ಆದ್ದರಿಂದ ಟಿಕೆಟ್ ಕೌಂಟರಿನಲ್ಲೇ ವೈ-ಫೈ ಮೂಲಕ ಎಲ್ಲವೂ ಫೋನಿಗೆ ಇಳಿಯಲಿ. ಇಯರ್‌ಫೋನ್ ತರದವರಿಗೆ, ಕರೆ ಬಂದಾಗ ಕೇಳುವಂತೆ, ಫೋನನ್ನು ಕಿವಿಗೆ ಹಿಡಿದರೆ ಮೆಲುದನಿಯಲ್ಲಿ ಕೇಳಿಸಲಿ. ಕಿವಿ ಕೇಳದವರಿಗೆ ಪೂರ್ತಿ ಪಠ್ಯ, ಕಣ್ಣು ಕಾಣದವರಿಗೆ ಚಿತ್ರದ ವರ್ಣನೆ ಬೇಕೇ ಬೇಕು. ಕನ್ನಡದ ವಿವರಣೆಯನ್ನು ಕನ್ನಡದಲ್ಲೇ ಯೋಚಿಸಿ ಬರೆಸಿ.

ಒಂದು ಸಾಲು ಕೋಡ್ ಬರೆಸುವ ಮೊದಲು ಇಷ್ಟು ಮಾಡಿ. ಐದು ಚಿತ್ರಗಳಿಗೆ ಮಾತು ಬರೆದು, ಚೆನ್ನಾಗಿ ಓದುವವರೊಬ್ಬರನ್ನು ನೋಡುಗರ ಹಿಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಿ. ನೀವು ಪಕ್ಕದಲ್ಲಿ ನಿಂತು ಅವರ ಕಣ್ಣುಗಳನ್ನು ಮಾತ್ರ ಗಮನಿಸಿ. ‘ಬೆರಳು’ ಎಂದಾಗ ಕಣ್ಣು ಬೆರಳಿಗೆ ಹೋಗದಿದ್ದರೆ ಆ ವಾಕ್ಯವನ್ನು ಅಲ್ಲೇ ತಿದ್ದಿ, ಮುಂದಿನವರಿಗೆ ಓದಿಸಿ.