ಗದ್ದಲಕ್ಕೆ ಕಿವಿ ಒಗ್ಗಿಕೊಳ್ಳುತ್ತದೆಯೇ?

ಪ್ರಶ್ನೆ: ವರ್ಷಗಟ್ಟಲೆ ಯಂತ್ರಗಳ ನಡುವೆ ಕೆಲಸ ಮಾಡಿದ ಮೇಲೆ ಈಗ ಆ ಸದ್ದು ಅಷ್ಟಾಗಿ ಬಾಧಿಸುವುದಿಲ್ಲ. ಕಿವಿ ಅದಕ್ಕೆ ಒಗ್ಗಿಕೊಂಡಿದೆ ಎಂದಲ್ಲವೇ?

ಖಂಡಿತ ಅಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ, ಈ ಬಾರಿ ಒಳಕಿವಿಯ ರೋಮಕೋಶ ಕೆಲಸ ಮಾಡುವ ಬಗೆಯಿಂದಲೇ ಆರಂಭಿಸುತ್ತೇನೆ.

ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸುರುಳಿಯಾಕಾರದ ನಾಳವಾದ ಕಾಕ್ಲಿಯಾದ ಉದ್ದಕ್ಕೂ ಒಳಗಿನ ಒಂದು ಸಾಲಿನಲ್ಲಿ ಸುಮಾರು 3,500, ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000 ರೋಮಕೋಶಗಳಿವೆ. ಪ್ರತಿ ಕೋಶದ ನೆತ್ತಿಯಲ್ಲಿ ಮೆಟ್ಟಿಲಿನಂತೆ ಗಿಡ್ಡದರಿಂದ ಎತ್ತರಕ್ಕೆ ಏರುವ ಸೂಕ್ಷ್ಮ ರೋಮಗಳ ಗೊಂಚಲಿದ್ದು, ಗಿಡ್ಡ ರೋಮದ ತುದಿಯನ್ನು ಹಿಂದಿನ ಎತ್ತರದ ರೋಮಕ್ಕೆ ಪ್ರೋಟೀನಿನ ಒಂದು ಎಳೆ ಬಿಗಿದಿರುತ್ತದೆ. ಕಂಪನದಿಂದ ಗೊಂಚಲು ಎತ್ತರದ ರೋಮಗಳ ಕಡೆಗೆ ವಾಲಿದಾಗ ಎಳೆ ಜಗ್ಗಿ, ಅಯಾನುಗಳನ್ನು (ವಿದ್ಯುದಾವೇಶವುಳ್ಳ ಕಣಗಳನ್ನು) ಒಳಬಿಡುವ ದ್ವಾರ ತೆರೆಯುತ್ತದೆ. ಮೇಲಿನ ದ್ರವದಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ಒಳನುಗ್ಗುತ್ತದೆ. ಇದರಿಂದ ಒಳಸಾಲಿನ ಕೋಶಗಳು ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಸ್ರವಿಸಿ ಶ್ರವಣ ನರವನ್ನು ಪ್ರಚೋದಿಸುತ್ತವೆ. ಹೊರಸಾಲಿನ ಕೋಶಗಳ ಪಾತ್ರ ಬೇರೆ: ಪ್ರೆಸ್ಟಿನ್ ಎಂಬ ಪ್ರೋಟೀನಿನ ನೆರವಿನಿಂದ ಅವುಗಳ ಮೈಯೇ ಕುಗ್ಗಿ ಹಿಗ್ಗಿ, ಮೆಲುದನಿಯ ಕಂಪನವನ್ನು ಹಿಗ್ಗಿಸುತ್ತದೆ.

ಈಗ ‘ಒಗ್ಗಿಕೊಂಡ’ ಕಿವಿಯ ವಿಚಾರಕ್ಕೆ ಬರೋಣ. ಸತತ ಗದ್ದಲಕ್ಕೆ ಮೊದಲು ಬಲಿಯಾಗುವವು ಈ ಹೊರಸಾಲಿನ ಕೋಶಗಳೇ, ಮತ್ತು ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ. ಅವು ಹೋದಾಗ ಕಳೆದುಹೋಗುವುದು ಮೆಲುದನಿಯೇ ಹೊರತು ಅಬ್ಬರವಲ್ಲ. ಅಬ್ಬರ ಹೆಚ್ಚುಕಡಿಮೆ ಮೊದಲಿನಷ್ಟೇ ಜೋರಾಗಿ ಕೇಳುತ್ತದೆ. ಹಾಗಾದರೆ ಬಾಧೆ ಕಡಿಮೆಯಾದದ್ದೇಕೆ? ಗಮನ ಕೊಡುವುದನ್ನು ಬಿಟ್ಟದ್ದು ಮಿದುಳು. ದಯವಿಟ್ಟು ಆ ಶ್ರೇಯಸ್ಸನ್ನು ಕಿವಿಗೆ ಕೊಡಬೇಡಿ. ನಡುಗಿವಿಯ ಪುಟ್ಟ ಸ್ನಾಯು ಬಿಗಿದುಕೊಂಡು ರಕ್ಷಿಸುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಮುಖ್ಯವಾಗಿ ಕೆಳಸ್ವರಗಳನ್ನಷ್ಟೇ ತಗ್ಗಿಸುತ್ತದೆ, ಎಡೆಬಿಡದ ಸದ್ದಿಗೆ ದಣಿಯುತ್ತದೆ, ಹಠಾತ್ ಸ್ಫೋಟಕ್ಕಂತೂ ಸಮಯಕ್ಕೆ ಸರಿಯಾಗಿ ಒದಗುವುದೇ ಇಲ್ಲ. ಸಂಜೆ ಗುಂಯ್‌ಗುಟ್ಟಿದ ಕಿವಿ ಬೆಳಿಗ್ಗೆ ಸರಿಹೋಯಿತೆಂಬ ಸಮಾಧಾನವೂ ಭದ್ರವಲ್ಲ: ಶ್ರವಣ ಪರೀಕ್ಷೆಯ ಮಟ್ಟ ಪೂರ್ತಿ ಚೇತರಿಸಿಕೊಂಡ ಇಲಿಗಳಲ್ಲೂ ರೋಮಕೋಶ ಮತ್ತು ನರದ ನಡುವಿನ ಸಂಪರ್ಕಗಳು ಶಾಶ್ವತವಾಗಿ ನಾಶವಾಗಿದ್ದುದನ್ನು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ‘ಮಾತು ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ’ ಎಂದು ನೀವು ಹೇಳತೊಡಗಿದ್ದರೆ, ಸ, ಶ, ತ ಮುಂತಾದ ವ್ಯಂಜನಗಳನ್ನು ಹೊತ್ತು ತರುವ ಮೇಲಿನ ಆವರ್ತನಗಳು ಕೈಬಿಟ್ಟಿರಬಹುದು. ಶ್ರವಣ ತಜ್ಞರನ್ನು ಕಾಣಿರಿ.

ಹೊರಸಾಲಿನ ಕೋಶಗಳ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು: ಆರೋಗ್ಯವಂತ ಕಿವಿ ತಾನೇ ಸದ್ದು ಹೊರಡಿಸುತ್ತದೆ. ಬ್ರಿಟಿಷ್ ವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ಇದನ್ನು ದಾಖಲಿಸಿದರು. ಈ ಕೋಶಗಳು ಹಿಗ್ಗಿಸಿದ ಕಂಪನದ ಒಂದಂಶ ಹಿಂದಿರುಗಿ ಕಿವಿಯ ನಾಳಕ್ಕೆ ಬರುತ್ತದೆ. ನವಜಾತ ಶಿಶು ಮಲಗಿರುವಾಗಲೇ ಅದರ ಕಿವಿಗೆ ಚಿಕ್ಕ ಶೋಧಕವಿಟ್ಟು, ಕ್ಲಿಕ್ ಸದ್ದು ಕಳುಹಿಸಿ, ಮರಳುವ ದನಿಯನ್ನು ಮೈಕ್ರೊಫೋನಿನಲ್ಲಿ ಹಿಡಿಯುವ ಶ್ರವಣ ಪರೀಕ್ಷೆ ನಿಂತಿರುವುದು ಇದರ ಮೇಲೆಯೇ. ನಡುಗಿವಿಯಲ್ಲಿ ದ್ರವವಿದ್ದರೂ ಆ ದನಿ ಸಿಗದಿರಬಹುದಾದ್ದರಿಂದ, ಮೊದಲ ಸಲ ಉತ್ತೀರ್ಣವಾಗದ ಮಗುವಿಗೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತಾರೆ.