ಹೆಸರು ಕೇಸರಿ, ಮೈಯೆಲ್ಲ ಸೀಸ

ನನ್ನ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ಹತ್ತಿ ಹಾಸಿದ ಒಂದು ಡಬ್ಬಿ ಇದೆ. ಒಳಗೆ ತುಕ್ಕು ಹಿಡಿದ ಕಬ್ಬಿಣದಂತೆ ಕಾಣುವ ಕರಿಕಂದು ಕಲ್ಲಿನ ತುಂಡು, ಅದರ ಮೇಲೆ ಬೆಂಕಿಕಡ್ಡಿಗಿಂತ ತೆಳ್ಳಗಿನ ಕೆಂಪು ಹರಳುಗಳು ಅಡ್ಡಾದಿಡ್ಡಿ ಚಾಚಿಕೊಂಡಿವೆ. ಯಾರೋ ಕೆಂಡದ ಕಡ್ಡಿಗಳನ್ನು ಚೆಲ್ಲಿದ ಹಾಗೆ. ನೋಡಿದವರೆಲ್ಲ ಕೇಳುವುದು ಒಂದೇ: "ಇಷ್ಟು ಚೆಂದದ್ದನ್ನ ಶೋಕೇಸಲ್ಲಿ ಇಡೋದು ಬಿಟ್ಟು ಇಲ್ಯಾಕೆ ಬಚ್ಚಿಟ್ಟಿದ್ದೀರಿ?" ಬೆಳಕಿಗೆ ಜಾಸ್ತಿ ದಿನ ಇಟ್ಟರೆ ಇದರ ಹೊಳಪು ಮಂಕಾಗುತ್ತದೆ, ಅದಕ್ಕೇ.

ಇದು ಕ್ರೊಕೊಯಿಟ್. ಸೀಸದ ಕ್ರೋಮೇಟ್. ತೂಕದ ಲೆಕ್ಕದಲ್ಲಿ ನೂರಕ್ಕೆ 64 ಪಾಲು ಸೀಸ, 16 ಪಾಲು ಕ್ರೋಮಿಯಂ, ಉಳಿದದ್ದು ಆಮ್ಲಜನಕ. ಹೆಸರು ಬಂದದ್ದು ಗ್ರೀಕ್ ಭಾಷೆಯ 'ಕ್ರೋಕೋಸ್' ಪದದಿಂದ, ಅಂದರೆ ನಮ್ಮ ಕೇಸರಿ.

ನಾನು ಇದನ್ನು ಮೊದಲ ಸಲ ನೋಡಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೆಸರಿನ ಚೀಟಿ ಇಲ್ಲದ ಒಂದು ಟ್ರೇಯಲ್ಲಿ. ಕೆಂಪಗಿದೆ, ಕೈಗೆ ಭಾರ ಇದೆ, ಮೆತ್ತಗಿದೆ. "ಇಂಗಳೀಕ" ಅಂದೆ, ಧೈರ್ಯವಾಗಿ, ಅಂದರೆ ಪಾದರಸದ ಕೆಂಪು ಅದಿರು. ಹಿರಿಯರೊಬ್ಬರು ಏನೂ ಹೇಳದೆ ಒಡೆದ ಬಾತ್‌ರೂಮ್ ಟೈಲ್‌ನ ಚೂರೊಂದನ್ನು ಮುಂದೆ ತಳ್ಳಿದರು. ಅದರ ಹಿಂಬದಿಯ ಒರಟು ಮೈಮೇಲೆ ಕಲ್ಲಿನಿಂದ ಒಂದು ಗೆರೆ ಎಳೆದೆ. ಇಂಗಳೀಕ ಆಗಿದ್ದರೆ ಕುಂಕುಮದಂಥ ಕೆಂಪು ಗೆರೆ ಬರಬೇಕಿತ್ತು. ಬಂದದ್ದು ಅರಿಶಿನಕ್ಕೆ ಒಂಚೂರು ಕಿತ್ತಳೆ ಕಲಸಿದಂಥ ಗೆರೆ. ಆವತ್ತಿನಿಂದ ಕೆಂಪು ಕಲ್ಲು ಕಂಡರೆ ನನ್ನ ಬಾಯಿಗಿಂತ ಮೊದಲು ಕೈ ಟೈಲ್ ಹುಡುಕುತ್ತದೆ.

ಮನಶ್ಶಿಲೆ ಅನ್ನೋ ಆರ್ಸೆನಿಕ್‌ನ ಕೆಂಪು ಖನಿಜದ ಗೆರೆಯೂ ಕಿತ್ತಳೆ ಕಡೆಗೇ ಹೋಗುತ್ತದಲ್ವಾ ಅಂತ ತಿಳಿದವರು ಕೇಳಬಹುದು. ಹೌದು. ಅಲ್ಲಿ ತೂಕ ನೋಡಬೇಕು. ಮನಶ್ಶಿಲೆ ನೀರಿಗಿಂತ ಮೂರೂವರೆ ಪಟ್ಟು ಭಾರ, ಕ್ರೊಕೊಯಿಟ್ ಸುಮಾರು 6 ಪಟ್ಟು. ಅಂಗೈಯಲ್ಲಿ ಇಟ್ಟು ತೂಗಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ವನಾಡಿನೈಟ್ ಅನ್ನೋ ಇನ್ನೊಂದು ಕೆಂಪು ಸೀಸದ ಖನಿಜ ಇದೆ, ಆದರೆ ಅದರ ಹರಳು ಆರು ಮೂಲೆಯ ಗಿಡ್ಡ ಪೀಪಾಯಿಯ ಹಾಗಿರುತ್ತದೆ. ಕ್ರೊಕೊಯಿಟ್ ಉದ್ದ ಕಡ್ಡಿ. ಮೈಮೇಲೆ ಉದ್ದುದ್ದ ಗೀರುಗಳು, ಎಷ್ಟೋ ಸಲ ತುದಿಯಲ್ಲಿ ಟೊಳ್ಳು, ಎಳನೀರಿನ ಸ್ಟ್ರಾ ಥರ.

ಹೊಳಪಿನ ಮಾತಿಗೆ ಬಂದರೆ ಇದು ವಜ್ರಕ್ಕೆ ಸರಿಸಾಟಿ. ಬೆಳಕನ್ನು ಬಾಗಿಸುವ ಶಕ್ತಿ, ಅಂದರೆ ವಕ್ರೀಭವನ ಸೂಚ್ಯಂಕ, ವಜ್ರಕ್ಕೆ 2.42. ಇದಕ್ಕೆ ನೋಡುವ ದಿಕ್ಕಿನ ಮೇಲೆ 2.3ರಿಂದ 2.6ರ ಮೇಲಕ್ಕೂ ಹೋಗುತ್ತದೆ. ಹಾಗಾದರೆ ಉಂಗುರ ಮಾಡಿಸಬಹುದಾ? ಬೇಡ. ಗಡಸುತನದಲ್ಲಿ ವಜ್ರ 10 ಅಂದರೆ ಇದು ಎರಡೂವರೆ, ಮೂರು. ತಾಮ್ರದ ಕಾಸು ಗೀರು ಹಾಕಿಬಿಡುತ್ತದೆ. ಸಂಗ್ರಹಕಾರರಿಗಾಗಿ ಅಪರೂಪಕ್ಕೆ ಒಂದೆರಡು ಹರಳು ಸಾಣೆ ಹಿಡಿಯುತ್ತಾರೆ, ಅದು ಡಬ್ಬಿಯಲ್ಲೇ ಇರುತ್ತದೆ.

ಇದರ ಕಥೆ ಶುರುವಾಗುವುದು ರಷ್ಯಾದಲ್ಲಿ, ಯುರಾಲ್ ಬೆಟ್ಟಗಳ ಬೆರಿಯೊಜೊವ್‌ಸ್ಕ್ ಚಿನ್ನದ ಗಣಿಯಲ್ಲಿ. ಯೆಕಟೆರಿನ್‌ಬರ್ಗ್ ಊರಿನ ಹತ್ತಿರ. 1766ರಲ್ಲಿ ಲೆಹ್ಮಾನ್ ಎಂಬ ಜರ್ಮನ್ ಖನಿಜತಜ್ಞ ಈ ಕಲ್ಲಿನ ಬಗ್ಗೆ ಬರೆದ. ಯುರೋಪಿನವರು 'ಸೈಬೀರಿಯದ ಕೆಂಪು ಸೀಸ' ಅಂತ ಕರೆದು ಬಣ್ಣಕ್ಕಾಗಿ ತರಿಸಿಕೊಳ್ಳತೊಡಗಿದರು. ಒಳಗೆ ಏನಿದೆ ಅನ್ನುವುದು ಮಾತ್ರ ಯಾರಿಗೂ ಸರಿಯಾಗಿ ಹೊಳೆಯಲಿಲ್ಲ. ಒಬ್ಬರು ಸೀಸ ಮತ್ತು ಕಬ್ಬಿಣ ಅಂದರು, ಇನ್ನೊಬ್ಬರು ಮಾಲಿಬ್ಡಿನಂ, ನಿಕ್ಕಲ್, ಕೋಬಾಲ್ಟ್ ಎಲ್ಲ ಇದೆ ಅಂದರು. ಪ್ಯಾರಿಸ್ಸಿನ ರಸಾಯನತಜ್ಞ ವೊಕ್ಲಾನ್ ಕೂಡ ಮೊದಲ ಸಲ, 1789ರಲ್ಲಿ, ತಪ್ಪಿದ. ಅದೇ ಮನುಷ್ಯ 1797ರಲ್ಲಿ ಮತ್ತೆ ಕೂತ. ಕಲ್ಲನ್ನು ಪುಡಿ ಮಾಡಿ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕುದಿಸಿದ. ಸೀಸ ಕೆಳಗೆ ಉಳಿಯಿತು, ಮೇಲೆ ಹಳದಿ ನೀರು ಬಂತು. ಆ ನೀರಿಗೆ ಪಾದರಸದ ಲವಣ ಹಾಕಿದರೆ ಕೆಂಪು, ಸೀಸದ ಲವಣ ಹಾಕಿದರೆ ಹಳದಿ, ತವರದ ಲವಣ ಹಾಕಿದರೆ ಹಸಿರು! ಹೊಸ ಲೋಹವೊಂದು ಇಲ್ಲಿದೆ ಅಂತ ಗೊತ್ತಾಯಿತು. ಮರುವರ್ಷ ಇದ್ದಲಿನ ಜೊತೆ ಕಾಯಿಸಿ ಲೋಹವನ್ನೇ ತೆಗೆದ. ಹೆಸರು ಕ್ರೋಮಿಯಂ, ಗ್ರೀಕಿನಲ್ಲಿ 'ಕ್ರೋಮ' ಅಂದರೆ ಬಣ್ಣ. ಇವತ್ತು ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆ ತುಕ್ಕು ಹಿಡಿಯದಂತೆ ಕಾಯುವ ಅದೇ ಕ್ರೋಮಿಯಂ ಮೊದಲು ಸಿಕ್ಕಿದ್ದು ಈ ಕೆಂಪು ಕಲ್ಲಿನೊಳಗೆ. ತಪ್ಪು ಒಪ್ಪಿಕೊಂಡು ಎಂಟು ವರ್ಷದ ಮೇಲೆ ಅದೇ ಕಲ್ಲಿಗೆ ವಾಪಸ್ ಬಂದನಲ್ಲ, ನನಗೆ ಆತನ ಬಗ್ಗೆ ಗೌರವ ಇರುವುದು ಅದಕ್ಕೆ.

ಸರಿ, ಇಷ್ಟು ಅಪರೂಪ ಯಾಕೆ? ಸೀಸ ಏನೂ ಅಪರೂಪವಲ್ಲ, ಕ್ರೋಮಿಯಂ ಕೂಡ ಅಲ್ಲ. ತೊಂದರೆ ಇರುವುದು ಅವೆರಡರ ಭೇಟಿಯಲ್ಲಿ. ಕ್ರೋಮಿಯಂ ಭೂಮಿಯ ಆಳದಿಂದ ಬಂದ ಕಪ್ಪು-ಹಸಿರು ಶಿಲೆಗಳ ವಾಸಿ, ಸರ್ಪೆಂಟೈನ್ ಅಂತೀವಲ್ಲ, ಅಂಥವು. ಸೀಸಕ್ಕೆ ಆ ಮನೆ ಒಗ್ಗುವುದಿಲ್ಲ. ಅದು ಬೆಣಚುಕಲ್ಲಿನ ಸಿರಗಳಲ್ಲಿ, ಗ್ರಾನೈಟಿನ ನೆಂಟರ ಜೊತೆ, ಗಂಧಕ ಸೇರಿಸಿಕೊಂಡು ಗೆಲೀನ ಆಗಿ ಕೂತಿರುತ್ತದೆ. ಬೆರಿಯೊಜೊವ್‌ಸ್ಕ್‌ನಲ್ಲಿ ಗೆಲೀನ ಇದ್ದ ಚಿನ್ನದ ಸಿರಗಳ ಪಕ್ಕದಲ್ಲೇ ಕ್ರೋಮಿಯಂ ತುಂಬಿದ ಶಿಲೆ ಇತ್ತು. ಅಂಥ ಜಾಗಗಳು ಕಡಿಮೆ.

ಅಕ್ಕಪಕ್ಕ ಇದ್ದರೂ ಸಾಲದು. ಶಿಲೆಯೊಳಗಿನ ಕ್ರೋಮಿಯಂ ಸೋಮಾರಿ, ನೀರಿಗೆ ಇಳಿಯುವುದೇ ಇಲ್ಲ. ಅದು ಮೂರು ಎಲೆಕ್ಟ್ರಾನ್ ಕಳೆದುಕೊಂಡ ರೂಪದಲ್ಲಿರುತ್ತದೆ. ಆರು ಕಳೆದುಕೊಂಡರೆ ಮಾತ್ರ ಕ್ರೋಮೇಟ್ ಆಗಿ ನೀರಿನ ಜೊತೆ ಹರಿಯಲು ಹೊರಡುತ್ತದೆ. ಆ ಕೆಲಸ ಮಾಡಿಸುವುದು ಹೆಚ್ಚಾಗಿ ಮ್ಯಾಂಗನೀಸ್ ಆಕ್ಸೈಡ್. ಅತ್ತ ಗೆಲೀನವೂ ಗಾಳಿ, ಮಳೆನೀರಿಗೆ ಕೊಳೆತು ಸೀಸವನ್ನು ಬಿಟ್ಟುಕೊಡಬೇಕು. ಇಬ್ಬರೂ ನೀರಿನಲ್ಲಿ ಎದುರಾದರೆ ತಕ್ಷಣ ಗಂಟು, ಯಾಕೆಂದರೆ ಸೀಸದ ಕ್ರೋಮೇಟ್ ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಮ್ ಕೂಡ ಕರಗುವುದಿಲ್ಲ. ಉದ್ದನೆ ಹರಳು ಬೇಕೆಂದರೆ ಎರಡೂ ತೊಟ್ಟು ತೊಟ್ಟಾಗಿ, ನಿಧಾನವಾಗಿ, ಖಾಲಿ ಪೊಟರೆಯೊಳಗೆ ಬರುತ್ತಿರಬೇಕು.

ಇದೆಲ್ಲ ಚೆನ್ನಾಗಿ ಕೂಡಿಬಂದ ಜಾಗ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಡಂಡಾಸ್. 19ನೇ ಶತಮಾನದ ಕೊನೆಗೆ ಬೆಳ್ಳಿ-ಸೀಸಕ್ಕಾಗಿ ತೋಡಿದ ಅಡಿಲೇಡ್ ಗಣಿ, ಅದರ ನೆರೆಯ ರೆಡ್ ಲೆಡ್ ಗಣಿ, ಇವುಗಳ ಮಣ್ಣುಮಣ್ಣಾದ ಕಬ್ಬಿಣ-ಮ್ಯಾಂಗನೀಸ್ ಗೂಡುಗಳಲ್ಲಿ ಬೆರಳುದ್ದದ ಹರಳುಗಳು ಸಿಗುತ್ತವೆ. ನನ್ನ ಡಬ್ಬಿಯ ತುಂಡೂ ಅಲ್ಲಿಯದೇ. ಅಲ್ಲಿನವರಿಗೂ ಇದರ ಮೇಲೆ ಅಭಿಮಾನ, 2000ದಲ್ಲಿ ರಾಜ್ಯದ ಖನಿಜ ಲಾಂಛನ ಮಾಡಿಕೊಂಡರು. ಬ್ರೆಜಿಲ್, ಜರ್ಮನಿ, ಜಿಂಬಾಬ್ವೆ, ಅಮೆರಿಕದ ಅರಿಜೋನಾದಲ್ಲೂ ಸಿಗುತ್ತದೆ. ಆದರೆ ಡಂಡಾಸ್ ಮುಂದೆ ಅವೆಲ್ಲ ಸುಮ್ನೆ ಹಾಜರಿ ಅಷ್ಟೇ.

ನಮ್ಮಲ್ಲಿ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಕ್ರೋಮಿಯಂಗೆ ನಮ್ಮಲ್ಲೇನೂ ಕೊರತೆಯಿಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದಲ್ಲಿ, ಮೈಸೂರು ಬಳಿಯ ಸಿಂಧುವಳ್ಳಿಯಲ್ಲಿ ಕ್ರೋಮೈಟ್ ಅದಿರು ತೆಗೆದಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಹಸಿರು ಬೆಣಚುಕಲ್ಲು ನೋಡಿದ್ದೀರಾ? ಆ ಹಸಿರು ಫುಕ್ಸೈಟ್ ಅನ್ನುವ ಅಭ್ರಕದ್ದು, ಅದರ ಬಣ್ಣವೂ ಕ್ರೋಮಿಯಂನದೇ. ಆದರೆ ಈ ಶಿಲೆಗಳ ಮಗ್ಗುಲಲ್ಲಿ ಕೊಳೆಯುತ್ತಿರುವ ಸೀಸದ ಸಿರ ಇಲ್ಲ. ಅಡುಗೆ ಸಾಮಾನೆಲ್ಲ ಇದೆ, ಉಪ್ಪಿಲ್ಲ ಅನ್ನೋ ಹಾಗೆ.

ಮಜಾ ಏನೆಂದರೆ, ಪ್ರಕೃತಿ ಇಷ್ಟು ಕಷ್ಟಪಟ್ಟು ಮಾಡುವುದನ್ನು ಕಾರ್ಖಾನೆ ಸಲೀಸಾಗಿ ಮಾಡುತ್ತದೆ. ಸೀಸದ ಲವಣಕ್ಕೆ ಕ್ರೋಮೇಟ್ ದ್ರಾವಣ ಸುರಿದರೆ ಆಯಿತು, ನುಣ್ಣನೆ ಹಳದಿ ಪುಡಿ. ಇದೇ ಕ್ರೋಮ್ ಯೆಲ್ಲೋ. ಚಿತ್ರಕಾರ ವ್ಯಾನ್ ಗೋ ಸೂರ್ಯಕಾಂತಿಗಳನ್ನು ಬರೆದದ್ದು ಇದರಲ್ಲೇ. ಅದರಲ್ಲಿ ಕೆಲವು ಬಗೆಯ ಹಳದಿ ಬೆಳಕಿಗೆ ಸಿಕ್ಕಿ ಕಂದಾಗುತ್ತವೆ, ಆರು ಎಲೆಕ್ಟ್ರಾನ್ ಕಳೆದುಕೊಂಡ ಕ್ರೋಮಿಯಂ ಮತ್ತೆ ಮೂರು ಕಳೆದುಕೊಂಡ ರೂಪಕ್ಕೆ ಇಳಿಯುವುದರಿಂದ.

ಆ ಪುಡಿ ಚಿತ್ರದಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಅರಿಶಿನಕ್ಕೂ ಬಂತು. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲಿ ನೆರೆ ಬಂದು ಅರಿಶಿನದ ಕೊಂಬು ನೆನೆದು ಮಂಕಾಯಿತಂತೆ, ಆಗ ಹೊಳಪಿಗಾಗಿ ಶುರುವಾದ ಅಭ್ಯಾಸ ಅಂತ ಅಲ್ಲಿನ ವ್ಯಾಪಾರಿಗಳೇ ಸಂಶೋಧಕರಿಗೆ ಹೇಳಿದ್ದಾರೆ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ಎಕ್ಸ್-ರೇ ಯಂತ್ರ ಹಿಡಿದು ಸಗಟು ಮಾರುಕಟ್ಟೆಗೇ ಹೋಯಿತು, ದಂಡ ಹಾಕಿತು, 2021ಕ್ಕೆ ಅದು ಸೊನ್ನೆಗೆ ಬಂತು. ನಮ್ಮ ದೇಶದ ಕೆಲವು ಮಾರುಕಟ್ಟೆಗಳಲ್ಲೂ ಈ ಕಲಬೆರಕೆ ಸಿಕ್ಕಿದೆ. ನೀರಿಗೆ ಕರಗದ್ದು ಏನು ಮಾಡೀತು ಅನ್ನಬೇಡಿ, ಹೊಟ್ಟೆಯಲ್ಲಿರುವುದು ಆಮ್ಲ. ಅದರಲ್ಲೂ ಮಕ್ಕಳ ಮಿದುಳಿಗೆ ಸೀಸ ಸ್ವಲ್ಪವೂ ಆಗದು.

ಮನೆಯಲ್ಲಿ ನೋಡಲು ಒಂದು ದಾರಿ ಇದೆ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳುವುದೇ. ಗಾಜಿನ ಲೋಟದ ನೀರಿಗೆ ಇಡೀ ಅರಿಶಿನದ ಕೊಂಬು ಹಾಕಿ. ಒಳ್ಳೆಯದಾದರೆ ನೀರು ಹೆಚ್ಚುಕಮ್ಮಿ ತಿಳಿಯಾಗಿಯೇ ಇರುತ್ತದೆ. ಮೇಲೆ ಬಣ್ಣ ಮೆತ್ತಿದ್ದರೆ ಹಾಕಿದ ಕೂಡಲೇ ಹಳದಿ ಬಿಡುತ್ತದೆ. ಇದು ಮೊದಲ ಸುಳಿವು ಮಾತ್ರ, ಸೀಸ ಎಷ್ಟಿದೆ ಅಂತ ಹೇಳಲು ಲ್ಯಾಬೇ ಬೇಕು. ನಮ್ಮ ಮನೆಯಲ್ಲಂತೂ ಪ್ಯಾಕೆಟ್ ಪುಡಿ ಬಿಟ್ಟು ಕೊಂಬು ತಂದು ಹೀಗೆ ನೋಡಿ, ಒಣಗಿಸಿ ಬೀಸಿಸುತ್ತೇವೆ. ಕಣ್ಣು ಕುಕ್ಕುವಷ್ಟು ಹಳದಿ ಇದ್ದರೆ ನಾನು ಅಂಗಡಿಯಲ್ಲೇ ವಾಪಸ್ ಇಡುತ್ತೇನೆ, ಅಂಗಡಿಯವರು ಮುಖ ಗಂಟು ಹಾಕಿದರೂ.