ಮನೆಯಡುಗೆಗೆ ಪೋಷಕಾಂಶದ ಪುಡಿ: ಅಂಗನವಾಡಿ, ಆಶಾ ತರಬೇತಿಯವರಿಗೆ ಅಧ್ಯಯನ ಟಿಪ್ಪಣಿ

ಸಾರವರ್ಧಿತ, ಅಂದರೆ ಪೋಷಕಾಂಶ ಬೆರೆಸಿದ ಅಕ್ಕಿಯಲ್ಲೇ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇರುವಾಗ ಮಗುವಿನ ಊಟಕ್ಕೆ ಬೆರೆಸಲು ಬೇರೆ ಪೋಷಕಾಂಶದ ಪುಡಿ ಏಕೆ? ತೀರ್ಥಹಳ್ಳಿ ಕಡೆಯ ನಮ್ಮ ಓದಿನ ಗುಂಪಿನಲ್ಲಿ ಮೊದಲು ಎದ್ದ ಪ್ರಶ್ನೆ ಇದೇ.

ಉತ್ತರ ಮಗುವಿನ ಹೊಟ್ಟೆಯ ಅಳತೆಯಲ್ಲಿದೆ. ಹುಟ್ಟುವಾಗ ತಾಯಿಯಿಂದ ಪಡೆದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಆ ವಯಸ್ಸಿನ ಕೂಸು ಒಂದು ಹೊತ್ತಿಗೆ ಉಣ್ಣುವುದು ಎರಡು ಮೂರು ಚಮಚ. ಇಡೀ ಮನೆಯ ಊಟಕ್ಕೆಂದು ಬೆರೆಸಿದ ಪೋಷಕಾಂಶ ಅಷ್ಟು ಅನ್ನದಲ್ಲಿ ಎಷ್ಟು ಸಿಕ್ಕೀತು?

1990ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ಡಾ. ಸ್ಟ್ಯಾನ್ಲಿ ಝ್ಲಾಟ್ಕಿನ್ ತಂಡ ಇದಕ್ಕೊಂದು ದಾರಿ ಕಂಡಿತು. ಮಗುವಿನ ಒಂದು ದಿನದ ಪೋಷಕಾಂಶವೆಲ್ಲ ಒಂದು ಗ್ರಾಂನ ಪುಟ್ಟ ಪೊಟ್ಟಣದಲ್ಲಿ. ಕಬ್ಬಿಣದ ಕಣಕ್ಕೆ ಕೊಬ್ಬಿನ ತೆಳು ಲೇಪ, ಊಟದ ರುಚಿ ಕೆಡದಂತೆ. 6ರಿಂದ 23 ತಿಂಗಳ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ ಲೆಕ್ಕ ನೆನಪಿಟ್ಟುಕೊಳ್ಳಿ: ಒಂದು ಪೊಟ್ಟಣದಲ್ಲಿ ಕಬ್ಬಿಣ 10–12.5 ಮಿ.ಗ್ರಾಂ, ಸತು 5 ಮಿ.ಗ್ರಾಂ, ಎ ಜೀವಸತ್ವ 300 ಮೈಕ್ರೋಗ್ರಾಂ; ಆರು ತಿಂಗಳಲ್ಲಿ 90 ಪೊಟ್ಟಣ. ಎಳೆಯ ಮಕ್ಕಳಲ್ಲಿ ರಕ್ತಹೀನತೆ ಶೇ 20 ದಾಟಿದ ಕಡೆ ಇದು ಅನ್ವಯ. ನೇಪಾಳದಲ್ಲಿ ‘ಬಾಲ ವಿಟಾ’, ಬಾಂಗ್ಲಾದೇಶದಲ್ಲಿ ‘ಪುಷ್ಟಿಕಣ’ ಎಂಬ ಹೆಸರಲ್ಲಿ ಇಂಥ ಪುಡಿ ಹಂಚಲಾಗಿದೆ. ನಮ್ಮ ದೇಶದ್ದು ಬೇರೆ ದಾರಿ: ‘ರಕ್ತಹೀನತೆ ಮುಕ್ತ ಭಾರತ’ದಡಿ ವಾರಕ್ಕೆರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್. ಸಿರಪ್ ಕುಡಿಯುವ ಮಗುವಿಗೆ ವೈದ್ಯರನ್ನು ಕೇಳದೆ ಪುಡಿಯನ್ನೂ ಸೇರಿಸಬಾರದು.

ಇದು ನಮಗೆ ದೂರದ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ.

ಬೆರೆಸುವ ಬಗೆಯಲ್ಲೇ ಹೆಚ್ಚಿನವರು ಎಡವುವುದು. ಮಲೆನಾಡಿನಲ್ಲಿ ಕೂಸಿಗೆ ಮೊದಲು ಕೊಡುವುದು ಗಂಜಿತಿಳಿ, ಅದೂ ಒಳಲೆಯಲ್ಲಿ. ಲೇಪವಿರುವ ಪುಡಿ ತಿಳಿಯಲ್ಲಿ ತೇಲಿ ಒಳಲೆಯ ಅಂಚಿಗೆ ಅಂಟಿಕೊಳ್ಳುತ್ತದೆ, ಬಾಯಿಗೆ ಹೋಗುವುದೇ ಇಲ್ಲ. ಆದ್ದರಿಂದ ಗಂಜಿಯ ಅಗುಳನ್ನು ನುಣ್ಣಗೆ ಕಿವುಚಬೇಕು, ಇಲ್ಲವೇ ಚಮಚದಿಂದ ಜಾರದಷ್ಟು ಗಟ್ಟಿಯಾಗಿ ರಾಗಿ ಮಣ್ಣಿ ಕಾಸಬೇಕು. ಒಲೆಯಿಂದಿಳಿಸಿ ಉಗುರುಬೆಚ್ಚಗಾದ ಮೇಲೆ, ಮಗು ಖಂಡಿತ ತಿಂದು ಮುಗಿಸುವ ಎರಡು ಚಮಚವನ್ನು ಬೇರೆ ಬಟ್ಟಲಿಗೆ ತೆಗೆದು, ಅದಕ್ಕಷ್ಟೇ ಪೊಟ್ಟಣ ಸುರಿಯಿರಿ. ಬಿಸಿ ಹೆಚ್ಚಿದ್ದರೆ ಲೇಪ ಕರಗಿ ಬಣ್ಣ, ರುಚಿ ಎರಡೂ ಕೆಡುತ್ತವೆ. ಬೆರೆಸಿದ್ದನ್ನು ಅರ್ಧ ಗಂಟೆಯೊಳಗೆ ಉಣಿಸಿ. ಅದನ್ನು ಮನೆಯ ಬೇರೆ ಮಕ್ಕಳಿಗೆ ಹಂಚುವಂತಿಲ್ಲ.

ಫಲ ಎಷ್ಟು? ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಎರಡು ವರ್ಷದೊಳಗಿನವರಲ್ಲಿ ಕಬ್ಬಿಣದ ಕೊರತೆಯ ಅಪಾಯ ಶೇ 53ರಷ್ಟು ಇಳಿಯಿತು, ರಕ್ತಹೀನತೆಯದು ಶೇ 18 ಮಾತ್ರ. ಈ ಅಂತರವೇ ಇಡೀ ಪಾಠದ ತಿರುಳು ಎಂದು ನನ್ನ ಅಭಿಪ್ರಾಯ. ಕೊಕ್ಕೆಹುಳು, ಮತ್ತೆ ಮತ್ತೆ ಬರುವ ಸೋಂಕು, ಮಲೇರಿಯ ಇವೂ ರಕ್ತ ಕುಗ್ಗಿಸುತ್ತವೆ. ಪುಡಿ ಅವನ್ನು ಮುಟ್ಟುವುದಿಲ್ಲ. ಮಲೇರಿಯ ಇರುವ ಕಡೆ ಅದರ ತಡೆ, ಪತ್ತೆ, ಚಿಕಿತ್ಸೆ ಜೊತೆಗಿದ್ದರೆ ಮಾತ್ರ ಕಬ್ಬಿಣದ ಪುಡಿ ಕೊಡಬೇಕು. ಎತ್ತರ, ತೂಕದ ಮೇಲೂ ಪುಡಿಯಿಂದ ಹೇಳಿಕೊಳ್ಳುವಂಥ ಪರಿಣಾಮವಿಲ್ಲ. ಅದಕ್ಕೆ ಬೇಳೆ, ಮೊಟ್ಟೆ, ಮೀನು, ತುಪ್ಪ, ಎದೆಹಾಲೇ ಬೇಕು.

ಪುಡಿ ಶುರುವಾದ ಮೇಲೆ ಮಲ ಕಪ್ಪಾಗುತ್ತದೆ. ಇದನ್ನು ತಾಯಿಗೆ ಮೊದಲ ದಿನವೇ ಹೇಳಿಡಿ. ಇಲ್ಲದಿದ್ದರೆ ಹೆದರಿ ನಿಲ್ಲಿಸಿಬಿಡುತ್ತಾರೆ.